ಗುಡಿಸಬಾರದ ಗುಡ್ಡ

ಅಲ್ ಐನ್‌ನಿಂದ ಬೆಟ್ಟದ ಕಡೆ ಹೊರಟ ರಸ್ತೆ ಡಾಂಬರು ಮುಗಿದು ಜಲ್ಲಿಗೆ ಇಳಿಯುವಲ್ಲಿ ಒಂದು ಸುಣ್ಣಕಲ್ಲಿನ ಕ್ವಾರಿ ಇದೆ. ಅಲ್ಲಿ ಕ್ರಷರ್ ನಿಂತು ಎರಡು ವರ್ಷವಾಯಿತು. 2003ರ ಫೆಬ್ರುವರಿಯ ಈ ಬೆಳಿಗ್ಗೆ ಬಿಸಿಲು ಇನ್ನೂ ಬೆಟ್ಟ ದಾಟಿಲ್ಲ. ತಲೆಗೆ ಬೈರಾಸು ಸುತ್ತಿದ ಕಾವಲುಗಾರ ಮೂಸಬ್ಬ ನೀರಿನ ಪೈಪ್ ಹಿಡಿದು ಹುಡಿಗುಡ್ಡದ ಬುಡದಲ್ಲಿ ನಿಂತಿದ್ದಾರೆ. ಕಲ್ಲು ಒಡೆದಾಗ ಉಳಿದ ಬಿಳಿ ಹುಡಿಯನ್ನೆಲ್ಲ ರಾಶಿ ಹಾಕಿ ಹಾಕಿ ಆದ ಗುಡ್ಡ ಅದು.

ರಾತ್ರಿ ಬೇಲಿ ಮುರಿದು ಒಂಟೆಯೊಂದು ಅದರ ಮೇಲೆ ಹತ್ತಿ ಇಳಿದುಹೋಗಿದೆ. ಊಟದ ತಟ್ಟೆಯಷ್ಟಗಲದ ಹೆಜ್ಜೆಗಳು ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಸಾಲಾಗಿ ಬಿದ್ದಿವೆ. ಮೂಸಬ್ಬ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಇಟ್ಟು, ಮುರಿದ ಕಡೆಗೆಲ್ಲ ನೀರನ್ನು ಇಬ್ಬನಿಯ ಹಾಗೆ ಹಾರಿಸುತ್ತಿದ್ದಾರೆ.

"ಜೋರು ಬಿಟ್ರೆ ಇದ್ದ ಹಕ್ಕಳೆಯೂ ಎದ್ದು ಬರ್ತದೆ ಮಾರಾಯ್ರೆ. ಗಾಯಕ್ಕೆ ಕಟ್ಟಿದ ಹಾಗೆ ಇದಕ್ಕೂ ಹಕ್ಕಳೆ ಕಟ್ಟಿದೆ. ಅದು ಇದ್ರೆ ಹುಡಿ ಏಳುವುದಿಲ್ಲ."

ಇವತ್ತು ಮುನ್ಸಿಪಾಲಿಟಿಯ ಪರಿಸರ ವಿಭಾಗದ ಇನ್ಸ್‌ಪೆಕ್ಟರ್ ಬರುವ ದಿನ. ಕ್ವಾರಿ ನಿಂತರೂ ಅದರ ಲೈಸೆನ್ಸ್ ಜೀವಂತ ಇರಬೇಕಾದರೆ ಹುಡಿ ಹಾರಬಾರದು, ಗುಂಡಿಯ ಸುತ್ತಲ ದಿಣ್ಣೆ ಕುಸಿಯಬಾರದು, ಮಳೆ ಬಂದರೆ ಕೆಸರು ಕೆಳಗಿನ ಖರ್ಜೂರದ ತೋಟಕ್ಕೆ ಇಳಿಯಬಾರದು. ಕಳೆದ ಚಳಿಗಾಲದಲ್ಲಿ ಒಂದು ನೋಟಿಸ್ ಬಂದಾಗಿದೆ. ಇನ್ನೊಂದು ಬಂದರೆ ಲೈಸೆನ್ಸ್ ರದ್ದು. ಅದರೊಟ್ಟಿಗೆ ಮೂಸಬ್ಬನ ವೀಸಾವೂ.

ಆ ನೋಟಿಸಿಗೆ ಕಾರಣ ಒಂದು ಪೊರಕೆ. ಇನ್ಸ್‌ಪೆಕ್ಟರ್ ಬರುತ್ತಾರೆಂದು ಮೂಸಬ್ಬ ಆಗ ಎರಡು ದಿನ ಗುಡ್ಡದ ಬುಡವನ್ನೆಲ್ಲ ಕೆರೆದು, ಸಮ ಮಾಡಿ, ಗೆರೆ ಬೀಳುವ ಹಾಗೆ ಗುಡಿಸಿದ್ದರು. "ಊರಲ್ಲಿ ನೆಂಟರು ಬರ್ತಾರೆ ಅಂದ್ರೆ ಅಂಗಳ ಗುಡಿಸ್ದೆ ಇರ್ತಾರಾ?" ಹಕ್ಕಳೆ ಹೋದ ಗುಡ್ಡಕ್ಕೆ ಮಧ್ಯಾಹ್ನದ ಗಾಳಿ ಬಿತ್ತು. ತೋಟದಲ್ಲಿ ಹೂ ಬಿಚ್ಚುತ್ತಿದ್ದ ಖರ್ಜೂರದ ಮರಗಳು ಬೆಳ್ಳಗಾದವು. ಇನ್ಸ್‌ಪೆಕ್ಟರ್ ಉಸ್ಮಾನ್ ಕಾರಿನ ಬಾನೆಟ್ ಮೇಲೆ ಕೂತ ಹುಡಿಯಲ್ಲಿ ಬೆರಳಿನಿಂದ ಒಂದು ಗೆರೆ ಎಳೆದು, ಅದನ್ನೇ ತೋರಿಸಿ ಹೋದರು.

ಮೂಸಬ್ಬ ಉಪ್ಪಿನಂಗಡಿ ಕಡೆಯವರು. ಪ್ರಾಯದಲ್ಲಿ ಕೆಂಪುಕಲ್ಲು ಕಡಿಯುತ್ತಿದ್ದರು. "ಕಲ್ಲು ಮುಗಿದ ಮೇಲೆ ಗುಂಡಿಯನ್ನು ಯಾರೂ ಕೇಳುವವರಿಲ್ಲ. ಮಳೆಗಾಲ ನೀರು ನಿಲ್ತದೆ. ನೆರೆಮನೆಯ ಬೀಯಮ್ಮನ ಹಾಲು ಕರೆಯುವ ದನ ಬಿದ್ದು ಸತ್ತದ್ದು ನಾವು ಬಿಟ್ಟ ಗುಂಡಿಯಲ್ಲಿಯೇ. ಅವರು ನಮಗೆ ಬೈಯಲೂ ಇಲ್ಲ." ತೊಂಬತ್ತರ ದಶಕದಲ್ಲಿ ಇಲ್ಲಿಗೆ ಬಂದು ಕ್ರಷರಿಗೆ ಕಲ್ಲು ಹಾಕಿದರು. ಕಂಪನಿ ಕೆಲಸ ನಿಲ್ಲಿಸಿದಾಗ ಉಳಿದವರು ದುಬೈ ದಾರಿ ಹಿಡಿದರು. ಇವರನ್ನು ಕಾವಲಿಗೆ ಇಟ್ಟುಕೊಂಡರು. ಬೇಸಿಗೆಯಲ್ಲಿ ಕಂಟೇನರ್ ಕೋಣೆಯ ಎಸಿ ಕೆಟ್ಟರೆ ರಿಪೇರಿಯವನು ಬರುವವರೆಗೆ ನೀರಿನ ಟ್ಯಾಂಕರಿನ ನೆರಳೇ ಮನೆ.

"ನಿಂತ ಕ್ವಾರಿಯಲ್ಲಿ ಎಂತ ಕೆಲಸ, ಮಲಗುವುದಾ ಅಂತ ಕೇಳ್ತಾಳೆ ಮೈಮೂನ ಫೋನಲ್ಲಿ," ಎಂದು ಹೆಂಡತಿಯ ಮಾತು ಹೇಳಿ ನಗುತ್ತಾರೆ. "ಹೌದು, ಗುಡ್ಡವನ್ನು ಮಲಗಿಸುವ ಕೆಲಸ ಅಂತ ಹೇಳಿದ್ದೇನೆ."

ಎಂಟು ಗಂಟೆಗೆ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಆಫೀಸಿನಿಂದ ಮ್ಯಾನೇಜರ್ ಗುರುದತ್ತ ಅವರ ಫೋನು. ಮೈಸೂರಿನವರು. ಒಂಟೆಯ ಸುದ್ದಿಯನ್ನು ಮೂಸಬ್ಬ ಬೆಳಿಗ್ಗೆಯೇ ತಿಳಿಸಿದ್ದಾರೆ. ಅವರ ದನಿ ಮೊಬೈಲಿನಿಂದಾಚೆಗೂ ಕೇಳುತ್ತದೆ.

"ಮೂಸಾಕಾ, ಒಂಟೆ ಹೆಜ್ಜೆ ಹಂಗೇ ಬಿಟ್ರೆ ಅಸಹ್ಯವಾಗಿ ಕಾಣತ್ತೆ ಕಣ್ರೀ. ಲೋಡರ್ ಕಳಿಸ್ತೀನಿ, ಒಂದ್ಸಲ ಲೆವೆಲ್ ಮಾಡಿಸ್ಬಿಡಿ."

"ಬೇಡ ಸಾರ್. ಹೋದ ಸಲ ಚಂದ ಮಾಡ್ಲಿಕ್ಕೆ ಹೋಗಿಯೇ ಆದದ್ದು."

"ನೋಟಿಸ್ ಬಂದ್ರೆ ನಿಮ್ದೂ ಖಲಾಸ್, ನಂದೂ ಖಲಾಸ್!"

"ಬರ್ಲಿ ಸಾರ್. ಒಂಟೆ ಮಾಡಿದ್ದು ಒಂಟೆಯದ್ದು ಅಂತಲೇ ಕಾಣ್ಲಿ."

"ಸರಿ, ಲೋಡರ್ ಬೇಡ," ಎನ್ನುತ್ತಾರೆ ಗುರುದತ್ತ. ಮೂಸಬ್ಬ ಮತ್ತೆ ಪೈಪ್ ಹಿಡಿಯುತ್ತಾರೆ.

ಉಸ್ಮಾನ್ ಬರುವಾಗ ಗಾಳಿಯೂ ಎದ್ದಿದೆ. ಸುಡಾನಿನವರು, ಉದ್ದನೆಯ ಆಳು. ಮೊದಲು ಗುಂಡಿಯ ಸುತ್ತ ಹೋಗುತ್ತಾರೆ, ಆಮೇಲೆ ದಿಣ್ಣೆಯ ಮೇಲೆ. ಕೊನೆಗೆ ಗುಡ್ಡದ ಎದುರು ನಿಂತು ಆ ಹೆಜ್ಜೆಗಳ ಸಾಲನ್ನು ನೋಡುತ್ತಾರೆ. ಮೂಸಬ್ಬ ಬೈರಾಸು ಬಿಚ್ಚಿ ಕೈಯಲ್ಲಿ ಮುದ್ದೆ ಮಾಡಿ ಹಿಡಿದಿದ್ದಾರೆ.

"ಇದು ಯಾರು, ಯಾ ಮೂಸಾ?" ಹಿಂದಿಯಲ್ಲಿ ಕೇಳುತ್ತಾರೆ ಉಸ್ಮಾನ್.

"ಒಂಟೆ, ಸಾಹೇಬ್."

"ಅದಕ್ಕೆ ಪರ್ಮಿಟ್ ಇತ್ತಾ?"

"ಮಾಫಿ," ಎಂದು ಅರಬಿಯಲ್ಲೇ 'ಇಲ್ಲ' ಎನ್ನುತ್ತಾರೆ ಮೂಸಬ್ಬ.

ಉಸ್ಮಾನ್ ಬಗ್ಗಿ ಒಂದು ಹೆಜ್ಜೆಯ ಒಳಗೆ ಹೆಬ್ಬೆರಳು ಒತ್ತುತ್ತಾರೆ. ಮೇಲಿನ ಪದರ ತುಸು ತಗ್ಗುತ್ತದೆ, ಒಡೆಯುವುದಿಲ್ಲ. ಗಾಳಿ ಬೀಸುತ್ತಲೇ ಇದೆ. ಬೇಲಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲವೊಂದು ಪಟಪಟ ಬಡಿದುಕೊಳ್ಳುತ್ತದೆ. ಗುಡ್ಡದ ಮೇಲೆ ಏನೂ ಅಲ್ಲಾಡುವುದಿಲ್ಲ. "ಈ ವಾರ ಬೇಲಿ ಸರಿಯಾಗಬೇಕು," ಎಂದಷ್ಟೇ ಹೇಳಿ ಕಾರಿನ ಕಡೆ ನಡೆಯುತ್ತಾರೆ. ಬಾಗಿಲು ತೆರೆಯುವ ಮೊದಲು ಬಾನೆಟ್ ಮೇಲೆ ಬೆರಳೆಳೆದು, ಆ ಬೆರಳನ್ನು ಮೂಸಬ್ಬನ ಕಡೆ ಎತ್ತಿ ಹಿಡಿಯುತ್ತಾರೆ. ಅದರಲ್ಲಿ ಹುಡಿ ಇಲ್ಲ.

ಕಾರು ತಿರುವು ದಾಟಿದ ಮೇಲೆ ಮೂಸಬ್ಬ ಕಂಟೇನರಿನ ಹಿಂದಿನಿಂದ ಪೊರಕೆ ತರುತ್ತಾರೆ. ಬಾಗಿಲ ಮುಂದೆ ಚಾಪೆಯಷ್ಟಗಲದ ಸಿಮೆಂಟು ನೆಲವಿದೆ. ನಿಧಾನಕ್ಕೆ, ಮೂಲೆ ಮೂಲೆ ಹುಡುಕಿ ಗುಡಿಸುತ್ತಾರೆ.

"ಇಷ್ಟು ಗುಡಿಸ್ಲಿಕ್ಕೆ ನನಗೆ ಪರ್ಮಿಟ್ ಉಂಟು."