ಕೊಂಡವಾಡದ ಬಾಗಿಲಲ್ಲಿ ಅಮೀನರ ಕುದುರೆ

ಆದಪ್ಪ ಪೊಲೀಸ್ ಜವಾನನಾಗಿದ್ದ ಅಷ್ಟೂ ವರ್ಷಗಳಲ್ಲಿ ಒಬ್ಬನೇ ಒಬ್ಬ ಕಳ್ಳನನ್ನು ಹಿಡಿದವನಲ್ಲ. ಹಿಡಿದದ್ದೆಲ್ಲ ಬಿಡಾಡಿ ದನ, ಎಮ್ಮೆ, ಕತ್ತೆ. ಒಂದು ಸಲ ಹಟ್ಟಿ ಗಣಿಯ ಕಡೆಯಿಂದ ತಪ್ಪಿಸಿಕೊಂಡು ಬಂದ ಹೇಸರಗತ್ತೆ. ನಿಜಾಮರ ರಾಜ್ಯ ನಡೆಯುತ್ತಿದ್ದ ಕಾಲ. ಮಸ್ಕಿಗೂ ಲಿಂಗಸೂಗೂರಿಗೂ ನಡುವಿನ ಒಂದು ಠಾಣೆ. ಊರ ಹೆಸರು ಬೇಡ, ಹೇಳಿದರೆ ಆ ಊರವರು ಇವತ್ತಿಗೂ ಜಗಳಕ್ಕೆ ಬಂದಾರು.

ಅವನು ಗುರುಗುಂಟೆಯ ಕುರಿಗಾರರ ಮಗ. ಲಿಂಗಸೂಗೂರಿನ ಸಂತೆಯಲ್ಲಿ ಹಗ್ಗ ಹರಿದುಕೊಂಡು ಜನರ ಮೇಲೆ ನುಗ್ಗುತ್ತಿದ್ದ ಹೋರಿಯನ್ನು ಮೂಗುದಾರ ಹಿಡಿದು ನಿಲ್ಲಿಸಿದ. ಅದನ್ನು ಕಣ್ಣಾರೆ ಕಂಡ ಅಂದಿನ ಅಮೀನರು, ಅಂದರೆ ಠಾಣೆಯ ದೊಡ್ಡ ಸಾಹೇಬರು, ಅಲ್ಲಿಯೇ ಕರೆದು ನೌಕರಿ ಕೊಟ್ಟರು. ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆ ಬಂತು. ಅವನ ವಂಶದಲ್ಲಿ ಸರ್ಕಾರದ ಅನ್ನ ಉಂಡವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಹೆಂಡತಿ ಗದ್ದೆಮ್ಮನಿಗೆ ತಾಳಿ ಬಿಟ್ಟರೆ ಆ ಬಿಲ್ಲೆಯೇ ಮನೆಯ ಒಡವೆ. ಉಳಿದ ಜವಾನರು ಅವನನ್ನು 'ದನದ ಪೊಲೀಸ' ಎಂದು ಕಾಡಿಸುತ್ತಿದ್ದರು. ದನ ಸುಳ್ಳು ಸಾಕ್ಷಿ ಹೇಳುವುದಿಲ್ಲ, ಲಂಚವನ್ನೂ ಕೇಳುವುದಿಲ್ಲ, ಅದರ ಸಂಗವೇ ಲೇಸು ಎಂದು ಅವನೂ ನಗುತ್ತಿದ್ದ.

ಠಾಣೆಯ ಪಕ್ಕದಲ್ಲೇ ಕೊಂಡವಾಡ. ಪರರ ಹೊಲ ಹೊಕ್ಕ ದನಗಳನ್ನು ಕೂಡಿಹಾಕುವ ಕಲ್ಲುಗೋಡೆಯ ದೊಡ್ಡಿ ಅದು; ಕೀಲಿಕೈ ಆದಪ್ಪನ ಉಡದಾರದಲ್ಲಿ. ದನ ಬಿಡಿಸಿಕೊಳ್ಳಲು ದಂಡ ಕಟ್ಟಿದರೆ ಸಾಕಿತ್ತು. ಆದರೆ ಹೊಸದಾಗಿ ಬಂದ ಅಮೀನರು ಅದಕ್ಕೆ ತಮ್ಮದೊಂದು ಬಾಲ ಸೇರಿಸಿದರು. ದನದ ಧಣಿ ಕೊಂಡವಾಡದ ಬಾಗಿಲ ಮುಂದೆ ನಿಂತು, ನಾಲ್ಕು ಜನಕ್ಕೆ ಕೇಳುವ ಹಾಗೆ, 'ದನ ನಂದು, ತಪ್ಪೂ ನಂದು' ಎನ್ನಬೇಕು. ಈ ಜನ ದಂಡಕ್ಕೆ ಹೆದರುವುದಿಲ್ಲ, ಮಾನಕ್ಕೆ ಹೆದರುತ್ತಾರೆ ಎಂಬುದು ಅವರ ಲೆಕ್ಕ. ಲೆಕ್ಕ ಸುಳ್ಳೇನೂ ಅಲ್ಲ. ಮಾನ ತಮಗೂ ಇದೆ ಎಂಬುದನ್ನು ಮಾತ್ರ ಅವರು ಮರೆತಿದ್ದರು.

ಹಳ್ಳದ ದಂಡೆಯಲ್ಲಿ ತುಂಡು ಹೊಲ ಮಾಡಿಕೊಂಡು ಬದುಕುತ್ತಿದ್ದ ಮುದುಕಿ ಲಾಲ್‌ಬೀ. ಅವಳ ಎಮ್ಮೆಗರು ಒಂದು ದಿನ ಠಾಣೆಯ ಅಂಗಳಕ್ಕೆ ನುಗ್ಗಿ ಅಮೀನರು ಬೆಳೆಸಿದ್ದ ಗುಲಾಬಿ ಗಿಡವನ್ನು ಮೇಯ್ದುಬಿಟ್ಟಿತು. ಮುದುಕಿ ಬಾಗಿಲಲ್ಲಿ ನಿಂತು ಆ ಮಾತು ಹೇಳಿದಳು. ಕುರ್ಚಿಯಲ್ಲಿ ಕೂತಿದ್ದ ಅಮೀನರು ಕೇಳಿಸಲಿಲ್ಲ ಎಂದರು. ಮತ್ತೆ ಹೇಳಿದಳು. ಮತ್ತೂ ಕೇಳಿಸಲಿಲ್ಲವಂತೆ. ಕೊನೆಗೆ ಅವಳು ಕೂಗಿಯೇ ಹೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕೀಲಿ ತೆಗೆದವನು ಆದಪ್ಪ. ಅವತ್ತು ಅವನಿಗೆ ತನ್ನ ಬಿಲ್ಲೆಯ ಮೇಲೆಯೇ ಹೇಸಿಗೆ ಹುಟ್ಟಿತು.

ಇನ್ನು ಅಮೀನರ ಕುದುರೆಯ ಸಂಗತಿ. ಬಿಳಿ ಕುದುರೆ, ಮೈ ಮುಟ್ಟಿದರೆ ಜಾರುವಷ್ಟು ಕೊಬ್ಬಿತ್ತು. ಕೊಬ್ಬದೆ ಏನು ಮಾಡೀತು? ದಿನಾ ಬೆಳಗಿನ ಜಾವ ಅದರ ಹಗ್ಗ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು, ಬಿಸಿಲೇರುವ ಹೊತ್ತಿಗೆ ತಾನಾಗಿ ಕಟ್ಟಿಕೊಳ್ಳುತ್ತಿತ್ತು. ನಡುವಿನ ಹೊತ್ತಿನಲ್ಲಿ ಊರವರ ಜೋಳ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಜನ ನೋಡಿಯೂ ನೋಡದವರಂತೆ ಇದ್ದರು.

ಲಾಲ್‌ಬೀ ಹಾಗೆ ಇರಲಿಲ್ಲ. ಸಂತೆಯ ದಿನ ಬೆಳಿಗ್ಗೆ, ತನ್ನ ಹೊಲದ ಹಾಲುಗಾಳಿನ ಜೋಳ ತಿನ್ನುತ್ತಿದ್ದ ಕುದುರೆಗೆ ತನ್ನ ಸೀರೆಯ ತುಂಡನ್ನೇ ಕೊರಳಿಗೆ ಕಟ್ಟಿ ಎಳೆದುಕೊಂಡು ಬಂದಳು. ಕೊಂಡವಾಡದ ಮುಂದೆ ನಿಂತು ಆದಪ್ಪನ ಮುಖ ನೋಡಿದಳು.

"ಒಳಗ ಹಾಕಪಾ ಜವಾನ. ಎಮ್ಮಿಗೊಂದು ಕಾನೂನು, ಕುದರಿಗೊಂದು ಕಾನೂನು ಐತೇನು?"

ಒಳಗೆ ಹಾಕುವುದಿಲ್ಲ ಎನ್ನಲು ಬಾಯಿ ಬರಲಿಲ್ಲ, ಹಾಕಿದರೆ ನೌಕರಿ ಉಳಿಯುವುದಿಲ್ಲ. ಆದಪ್ಪ ಬಾಗಿಲು ತೆಗೆದ, ಕುದುರೆಯನ್ನು ಒಳಗೆ ಬಿಟ್ಟ, ಕೀಲಿ ಹಾಕಿದ. ಕೀಲಿ ಬಿದ್ದ ಮೇಲೆ ಅವನ ಭಯವೂ ಅರ್ಧ ಇಳಿಯಿತು.

ಸುದ್ದಿ ಠಾಣೆಗೆ ಮುಟ್ಟಿತು. ಮೊದಲು ಅಮೀನರ ಆಳು ಬಂದ, ಬರಿಗೈಲಿ ಹೋದ. ಆಮೇಲೆ ಅಮೀನರೇ ಬಂದರು. ಅಷ್ಟರಲ್ಲಿ ಸಂತೆಗೆ ಬಂದವರೆಲ್ಲ ಬುಟ್ಟಿ, ಗಂಟು ಇಳಿಸಿ ಅಲ್ಲಿ ಕೂಡಿದ್ದರು. ಧಣಿಯನ್ನು ಕಂಡು ಕುದುರೆ ಗೋಡೆಯ ಮೇಲಿಂದ ಕತ್ತು ಚಾಚಿ ಕೆನೆಯಿತು. ಅಮೀನರು ಕೀಲಿಕೈಗೆ ಕೈ ಚಾಚಿದರು.

ಆದಪ್ಪ ಸಲಾಮು ಹೊಡೆದ. ಕೀಲಿಕೈ ಕೊಡಲಿಲ್ಲ.

"ಕುದರಿ ಯಾರದಂತ ಹೇಳ್ರಿ ಸಾಹೇಬ್ರ. ಹೇಳಿದ ಮ್ಯಾಲೆ ಬಾಗಿಲಾ ತಗೀತೀನಿ. ತಮ್ಮದ ಹುಕುಂ ಐತಿ."

ಅಮೀನರ ಮುಖಕ್ಕೆ ರಕ್ತ ಏರಿತು. ತಾವು ಯಾರೆಂದು ಗೊತ್ತೇ ಎಂದು ಕೇಳಿದರು. ಗೊತ್ತಿದೆ, ಕುದುರೆ ಯಾರದೆಂದು ಮಾತ್ರ ಇನ್ನೂ ಗೊತ್ತಾಗಿಲ್ಲ ಎಂದ ಆದಪ್ಪ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆ ನಗು ಎಲ್ಲ ಕೆಲಸ ಕೆಡಿಸಿತು, ಅಥವಾ ಕೂಡಿಸಿತು. ಬಿಲ್ಲೆ ಬಿಚ್ಚಿಡು ಎಂದು ಅಮೀನರು ಗುಡುಗಿದರು.

ಆದಪ್ಪನ ಮನೆಯ ಒಲೆ ಉರಿಯುತ್ತಿದ್ದದ್ದು ಆ ಬಿಲ್ಲೆಯಿಂದಲೇ. ಆದರೂ ಬಿಚ್ಚಿದ, ಉಡದಾರದ ಕೀಲಿಕೈಯನ್ನೂ ಬಿಚ್ಚಿದ. ಅಮೀನರು ಅವೆರಡನ್ನೂ ಹಿರಿಯ ಜವಾನ ನನ್ನೇಸಾಬನ ಕೈಗೆ ಕೊಡಿಸಿ, ಬಾಗಿಲು ತೆಗೆಯಲು ಹೇಳಿದರು.

ನನ್ನೇಸಾಬ ಬಹಳ ಮೆತ್ತಗಿನ ಮನುಷ್ಯ. ಜೋರಾಗಿ ಕೆಮ್ಮುವುದಕ್ಕೂ ಸಾಹೇಬರ ಮುಖ ನೋಡುವವನು. ಅವನು ಮೆಲ್ಲಗೆ ಬಾಗಿಲ ಹತ್ತಿರ ಹೋದ, ಕೀಲಿಕೈ ತೂರಿಸಿದ. ತಿರುಗಿಸಲಿಲ್ಲ. ಅಮೀನರ ಕಡೆ ಹೊರಳಿ ಕೈ ಮುಗಿದ.

"ಯಾರದ್ರೀ ಕುದರಿ?"

ಅಮೀನರು ನನ್ನೇಸಾಬನನ್ನು ನೋಡಿದರು. ಅವನ ಹಿಂದೆ ನಿಂತಿದ್ದ ಇನ್ನಿಬ್ಬರು ಜವಾನರನ್ನು ನೋಡಿದರು. ಅವರು ಆಗಲೇ ತಮ್ಮ ಎದೆಯ ಬಿಲ್ಲೆಗೆ ಕೈ ಹಾಕಿದ್ದರು. ಇಡೀ ಠಾಣೆಯ ಬಿಲ್ಲೆ ಬಿಚ್ಚಿಸಿದರೆ ಸರ್ಕಾರಕ್ಕೆ ಕಾರಣ ಏನೆಂದು ಬರೆಯುವುದು? ಅಮೀನರು ನೆಲ ನೋಡುತ್ತಾ ಏನೋ ಗೊಣಗಿದರು.

"ಕೇಳಿಸಲಿಲ್ರೀ," ಅಂದಳು ಲಾಲ್‌ಬೀ.

ಆಗ ಅಮೀನರು ತಲೆ ಎತ್ತಿ ಹೇಳಿದರು. ಕುದುರೆ ನನ್ನದು, ತಪ್ಪೂ ನನ್ನದು ಎಂದು, ಬಳೆಗಾರರ ಸಾಲಿನ ತನಕ ಕೇಳುವ ಹಾಗೆ. ನನ್ನೇಸಾಬ ಕೀಲಿ ತಿರುಗಿಸಿದ. ಯಾರೂ ನಗಲಿಲ್ಲ. ಜನ ದಾರಿ ಬಿಟ್ಟರು, ಅಮೀನರು ಕುದುರೆ ಹಿಡಿದುಕೊಂಡು ನಡೆದೇ ಹೋದರು.

ಆದಪ್ಪನ ಬಿಲ್ಲೆ ಮಾತ್ರ ತಿರುಗಿ ಬರಲಿಲ್ಲ. ಅಷ್ಟು ದೊಡ್ಡ ಮನಸ್ಸು ಅಮೀನರಿಗೆ ಎಲ್ಲಿಂದ ಬರಬೇಕು! ಬರಿ ಎದೆಯ ಅಂಗಿಯಲ್ಲಿ ಅವನು ಮನೆಗೆ ಹೋದ. ಹೆಂಡತಿಗೆ ಯಾವ ಮುಖ ತೋರಿಸಲಿ ಎಂಬುದೇ ದಾರಿಯುದ್ದಕ್ಕೂ ಚಿಂತೆ. ಗದ್ದೆಮ್ಮ ರೊಟ್ಟಿ ಬಡಿಯುತ್ತಿದ್ದಳು. ಬಿಲ್ಲೆ ಇದ್ದ ಜಾಗ ನೋಡಿದಳು, ಅವನು ಎಲ್ಲವನ್ನೂ ಹೇಳಿ ಮುಗಿಸುವ ತನಕ ಕೈ ನಿಲ್ಲಿಸಲಿಲ್ಲ. ಆಮೇಲೆ ಒಂದೇ ಮಾತು ಕೇಳಿದಳು.

"ಜೋರಾಗಿ ಹೇಳಿದನೇನು?"

"ಸಂತಿಗೆಲ್ಲಾ ಕೇಳಿತು."

"ಹಂಗಾದ್ರ ಉಣ್ಣು. ಗಂಟು ನಾ ಕಟ್ತೀನಿ. ಗುರುಗುಂಟಿಗೆ ಸಂತಿ ಮುಂದ ಹಾದು ಹೋಗೂಣು, ಹಿತ್ತಲ ದಾರಿ ಬ್ಯಾಡ."