ಹೆಬ್ಬೆರಳಿನ ನೋವೆಂದು ನಕ್ಕೆವಲ್ಲ, ಶ್ರೀಪಾದ

ನಂಬಲಾಗುತ್ತಿಲ್ಲ...
ಬೆಳಿಗ್ಗೆ ಹತ್ತಕ್ಕೆ ಫೋನ್ ಬಂತು. ನಮ್ಮ ಶ್ರೀಪಾದ ಇಲ್ಲ.
ಗೋವಾದ ಕಲಂಗುಟ್‌ನಲ್ಲಿ ನಾವು ಕಟ್ಟುತ್ತಿರುವ ಹೋಟೆಲ್ ಸೈಟಿನಲ್ಲಿ, ಮೂರನೇ ಮಹಡಿಯ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತವನು ಏಳಲೇ ಇಲ್ಲ.
ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತಂತೆ.
ನಲವತ್ನಾಲ್ಕು ವಯಸ್ಸು...

ಮಧ್ಯಾಹ್ನದಿಂದ ಫೇಸ್‌ಬುಕ್‌ನಲ್ಲಿ ನಿಮ್ಮ ಸಂತಾಪಗಳನ್ನು ಓದುತ್ತಿದ್ದೇನೆ.
"ಶಾಕಿಂಗ್." "ಎಷ್ಟು ಸಡನ್!" "ವಿಧಿ ಕ್ರೂರಿ..."
ಸಾಕು ಮಾಡಿ.
ಸಡನ್ ಅಂತೆ! ಮೂರು ವರ್ಷ ಕಣ್ಣೆದುರೇ ನಡೆದದ್ದು ಸಡನ್ ಹೇಗಾಗುತ್ತದೆ?

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಶ್ರೀಪಾದ ಧಾರವಾಡದವ. ಮಡಗಾಂವ್‌ನ ನಮ್ಮ ಕಂಪನಿಯಲ್ಲಿ ಸೈಟ್ ಇಂಜಿನಿಯರ್. ಹನ್ನೆರಡು ವರ್ಷ ನನ್ನ ಪಕ್ಕದ ಟೇಬಲ್.
ಮೂರು ವರ್ಷದ ಹಿಂದೆ ಕಾಲಿನ ಹೆಬ್ಬೆರಳು ಕೆಂಪಗೆ ಊದಿ, ಬೂಟು ಹಾಕಲಾಗದೆ ಚಪ್ಪಲಿಯಲ್ಲೇ ಆಫೀಸಿಗೆ ಬಂದ.
ರಕ್ತ ಪರೀಕ್ಷೆ ಮಾಡಿಸಿದರೆ ಏಳರೊಳಗೆ ಇರಬೇಕಾದ ಯೂರಿಕ್ ಆಸಿಡ್ ಒಂಬತ್ತು ದಾಟಿತ್ತು.
ಡಾಕ್ಟರು ನಮ್ಮ ಬೆಳಗಾವಿ ಕಡೆಯವರು. ಬಿಡಿಸಿ ಹೇಳಿದರು...
"ಇದು ಬರೇ ಬೆರಳಿನ ಬ್ಯಾನಿ ಅಂತ ತಿಳೀಬ್ಯಾಡ್ರಿ. ಯೂರಿಕ್ ಆಸಿಡ್ ಒಂದರಿಂದನ ಹಾರ್ಟ್ ಅಟ್ಯಾಕ್ ಆಗತೈತಿ ಅಂತ ನಾ ಹೇಳಂಗಿಲ್ಲ. ಆದ್ರ ಇಷ್ಟು ಏರಿದವ್ರಿಗೆ ಕಿಡ್ನಿ, ಹಾರ್ಟ್ ಎರಡರದೂ ರಿಸ್ಕ್ ಜಾಸ್ತಿ. ನಿಮಗ ಬಿಪಿನೂ ಐತಿ. ಹಾರ್ಟ್ ತೋರಿಸ್ರಿ. ಕುಡಿಯೋದು ಬಿಡ್ರಿ."

ಬಿಟ್ಟೆಯಾ ಶ್ರೀಪಾದ?
ಮೆಡಿಕಲ್ ಶಾಪಿನಿಂದ ನೋವಿನ ಗುಳಿಗೆ ತಂದು ನುಂಗಿದೆ. ಊತ ಇಳಿದ ಕೂಡಲೇ ರೋಗವೇ ಹೋಯಿತು ಎಂದೆ. ಬಿಪಿ ಗುಳಿಗೆ ಮಾತ್ರ ನೆನಪಾದಾಗ...
ಸಿಟ್ಟಿದೆ ನನಗೆ ನಿನ್ನ ಮೇಲೆ. ಎಂಟನೇ ಕ್ಲಾಸಿನ ಮಗಳ ಮುಖವಾದರೂ ನೋಡಬಾರದಿತ್ತೇ?

ಈಗ "ಮಿಸ್ ಯೂ" ಎಂದು ಬರೆಯುತ್ತಿರುವ ನಮ್ಮ ಗುಂಪಿನವರೇ...
ಅವನಿಗೆ "ಯೂರಿಕ್ ಮಹಾರಾಜ" ಎಂದು ಹೆಸರಿಟ್ಟವರು ನೀವು.
ಒಲ್ಲೆ ಎಂದರೂ ಬಿಯರ್ ಗ್ಲಾಸು ಕೈಗೆ ತುರುಕಿದವರು ನೀವು.
ಕಳೆದ ತಿಂಗಳು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿದಾಗ, ಹೆದರಿ ಹಾರ್ಟಿನ ಟ್ರೆಡ್‌ಮಿಲ್ ಟೆಸ್ಟಿಗೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದ. ಅದೇ ದಿನ ನಮ್ಮ ಪಿಕ್‌ನಿಕ್.
"ಟೆಸ್ಟ್ ಎಲ್ಲಿ ಓಡಿ ಹೋಗತೈತಿ? ಮುಂದಿನ ವಾರ ಮಾಡಿಸು, ಬಾರಲೇ!"
ನಕ್ಕ. ಬಂದ. ಆ ಮುಂದಿನ ವಾರ ಬರಲೇ ಇಲ್ಲ.

ಸಂಜೆ ಅವನ ಮನೆಗೆ ಹೋಗಿದ್ದೆ.
ಹೆಂಡತಿ ಸುಮಾ ವೈನಿಯ ಕೈಯಲ್ಲಿ ಮೂರು ವರ್ಷದ ಹಿಂದೆ ಆ ಡಾಕ್ಟರು ಬರೆದುಕೊಟ್ಟ ಚೀಟಿ.
"ಕಪಾಟಿನ್ಯಾಗ ಸಿಕ್ತು. ಹಾರ್ಟ್ ತೋರಿಸ್ರಿ ಅಂತ ಬರದಾರ. ನನಗ ಕಾಲುನೋವು ಅಂತಷ್ಟ ಹೇಳಿದ್ರು... ನಿಮಗ ಗೊತ್ತಿತ್ತೇನ್ರಿ?"
"ಇಲ್ರಿ ವೈನಿ" ಎಂದೆ.

ಸುಳ್ಳು.
ಅವತ್ತು ಡಾಕ್ಟರ ಮುಂದೆ ಅವನ ಪಕ್ಕದ ಕುರ್ಚಿಯಲ್ಲಿ ಕೂತವನು ನಾನೇ.
ಪಿಕ್‌ನಿಕ್ಕಿಗೆ ಬಾರಲೇ ಎಂದು ನಿಮ್ಮ ಗೇಟಿನಲ್ಲಿ ಹಾರ್ನ್ ಹೊಡೆದವನೂ ನಾನೇ, ವೈನಿ.
ನಾಳೆ ಬಂದು ನಿಮ್ಮ ಎದುರೇ ಹೇಳುತ್ತೇನೆ. ಬಾಗಿಲು ತೆರೆಯುವುದು ಬಿಡುವುದು ನಿಮ್ಮದು.

ಹೋಗಿ ಬಾ ಶ್ರೀಪಾದ...
ನಿನ್ನ ಜೀವಕ್ಕೆ ನೆಮ್ಮದಿ ಸಿಗಲಿ.
ನಮಗೆ ಸಿಗುವುದು ಬೇಡ.