ಶ್ರೀಕಂಠಯ್ಯನವರ ಆ್ಯಶ್ ಗಿಡ

ಶ್ರೀಕಂಠಯ್ಯನವರೇ, ನಿಮ್ಮ ಆ್ಯಶ್ ಗಿಡ ತಾನಾಗಿ ಒಣಗಿ ಸಾಯಲಿಲ್ಲ. ಅದರಲ್ಲಿ ಜೀವವಿದೆಯೆಂದು ತಿಳಿದೇ ನಾನು ಅದನ್ನು ಕೀಳಿಸಿದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಚೆಂಬೂರಿನ ಬಿಲ್ಡಿಂಗಿನಲ್ಲಿ ನಿಮ್ಮದು ಕೆಳಗಿನ ಮನೆ, ನನ್ನದು ಅದರ ಮೇಲಿನದು. ಹಿಮಾಲಯದ ಯಾತ್ರೆಯಿಂದ ಉಳಿದವರು ಗಂಗೆಯ ತಂಬಿಗೆ ತಂದರೆ, ನೀವು ಒದ್ದೆ ಗೋಣಿಯಲ್ಲಿ ಸುತ್ತಿದ ಗೇಣುದ್ದದ ಸಸಿಯನ್ನು ತಂದಿರಿ. ಇಂಗ್ಲಿಷಿನಲ್ಲಿ ಆ್ಯಶ್ ಎನ್ನುತ್ತಾರೆ, ನಮ್ಮ ಭಾಷೆಯಲ್ಲಿ ಇದಕ್ಕೆ ಹೆಸರಿಲ್ಲ, ಬೆಳೆದರೆ ಮರದ ತುಂಬ ಬೆಳ್ಳಗೆ ಹೂ ಬಿಡುತ್ತದೆ ಎಂದಿರಿ. ಈ ಸೆಕೆಯಲ್ಲಿ ಬದುಕೀತೇ ಎಂದು ಬಿಲ್ಡಿಂಗಿನವರೆಲ್ಲ ನಕ್ಕರು. ನೀವು ಕಾಂಪೌಂಡಿನ ಈಶಾನ್ಯ ಮೂಲೆಯಲ್ಲಿ ಅದನ್ನು ನೆಟ್ಟು, ಪಡುವಣ ಬಿಸಿಲಿಗೆ ಚಾಪೆಯ ಮರೆ ಕಟ್ಟಿ, ಬುಡಕ್ಕೆ ತರಗೆಲೆ ಹಾಸಿ, ಮೂರೇ ವರ್ಷದಲ್ಲಿ ನನ್ನ ಎದೆಯೆತ್ತರಕ್ಕೆ ಬೆಳೆಸಿದಿರಿ.

ಆ ಮೂಲೆಯ ಮೇಲೆ ನನಗೂ ಕಣ್ಣಿತ್ತು — ಬಿಲ್ವವನ್ನು ನೆಡಬೇಕೆಂದು. ನೀವು ಮೊದಲು ನೆಟ್ಟಿರಿ, ನಾನು ಬಾಯಿ ಮುಚ್ಚಿಕೊಂಡೆ. ಮನಸ್ಸು ಮಾತ್ರ...

ಆ ಚಳಿಗಾಲ ಮಗಳ ಬಾಣಂತನಕ್ಕೆಂದು ನೀವು ದಂಪತಿಗಳು ಮೈಸೂರಿಗೆ ಹೊರಟಾಗ ಗಿಡವನ್ನು ನನಗೊಪ್ಪಿಸಿದಿರಿ.

"ಎಲೆ ಪೂರ್ತಿ ಉದುರತ್ತೆ, ಗಾಬರಿ ಬೀಳ್ಬೇಡಿ ಶಾಸ್ತ್ರಿಗಳೇ. ವರ್ಷಾ ವರ್ಷಾ ಹಾಗೇನೆ, ನಿದ್ದೆ ಮಾಡತ್ತೆ ಅಷ್ಟೆ. ನೀರು ಸ್ವಲ್ಪ ಕಮ್ಮಿ ಹಾಕಿ."

ಎಲೆ ಉದುರಿತು. ಬರಿಯ ಕಡ್ಡಿ ಉಳಿಯಿತು. ಶಿವರಾತ್ರಿ ಹತ್ತಿರವಿತ್ತು, ಬಿಲ್ವಕ್ಕೆ ಅದಕ್ಕಿಂತ ಒಳ್ಳೆಯ ದಿನವುಂಟೇ ಎಂದುಕೊಂಡು ತೋಟದ ಕೆಲಸಕ್ಕೆ ಬರುತ್ತಿದ್ದ ಬಿಜಾಪುರದ ಸಿದ್ದಪ್ಪನನ್ನು ಕರೆಸಿದೆ. ಅವನು ಗುದ್ದಲಿ ಕೆಳಗಿಟ್ಟು, ಉಗುರಿನಿಂದ ತೊಗಟೆ ಕೆರೆದ.

"ಇದು ಸತ್ತಿಲ್ರೀ ಅಪ್ಪಾರ. ನೋಡ್ರಿ, ಒಳಗ ಹಸರ ಐತಿ. ಮಲಗಿದ್ದನ್ನ ಎತ್ತಿ ಸುಡಾಕ ಒಯ್ದಂಗ ಆಗತೈತಿ."

ನಾನು ಬಗ್ಗಿ ನೋಡಿದೆ. ಹಸಿರಿತ್ತು.

"ಕೀಳು" ಎಂದೆ.

ನೀವು ಮರಳಿ ಬಂದ ದಿನ ಅಲ್ಲಿ ನನ್ನ ಬಿಲ್ವದ ಸಸಿಯಿತ್ತು. ನಿಮ್ಮ ಗಿಡದ ತೊಗಟೆಯೂ ಒಣಗಿಹೋಗಿತ್ತೆಂದು ಹೇಳಿದೆ — ಹಣೆಯಲ್ಲಿ ವಿಭೂತಿ ಇಟ್ಟುಕೊಂಡೇ. ನೀವು ನನ್ನನ್ನೇ ಸಮಾಧಾನಪಡಿಸಿದಿರಿ: "ನಿಮ್ಮದೇನು ತಪ್ಪು? ನನ್ನದೇ ಹಠ. ಅದರ ಊರು ಬಿಡಿಸಿ ತಂದೆ, ಪಾಪ."

ಆಮೇಲೆ ನೀವು ಒಂದು ಗಿಡವನ್ನೂ ನೆಡಲಿಲ್ಲ. ಕಿಟಕಿಯ ಕುಂಡಗಳನ್ನು ಅವರಿವರಿಗೆ ಹಂಚಿದಿರಿ. ಆದರೂ ನಾನು ಊರಿಗೆ ಹೋದಾಗಲೆಲ್ಲ ಬಿಲ್ವಕ್ಕೆ ತಪ್ಪದೆ ನೀರೆರೆದವರು ನೀವೇ — ಒಂದು ದಿನವೂ ಅದು ಬಾಡಿರಲಿಲ್ಲ. ಆ ಮರದ ದಳಗಳಿಂದ ಇಷ್ಟು ವರ್ಷ ನಾನು ಶಿವನನ್ನು ಅರ್ಚಿಸಿದ್ದೇನೆ. ನನ್ನ ಆಸೆಗೆ ಅವನ ಹೆಸರಿಟ್ಟೆನಲ್ಲ — ಅದು ಗಿಡ ಕಿತ್ತದ್ದಕ್ಕಿಂತ ಕಿರಿದೇ?

ಈಗ ನೀವು ಹೋಗಿ ನೆಲೆಸಿರುವ ಮೈಸೂರಿನಲ್ಲಿ ನಿಮ್ಮ ಮಗಳು ಅಂಗಳದಲ್ಲಿ ಗಿಡ ಹಾಕಲು ಕರೆದರೆ, ನನ್ನ ಕೈಗುಣ ಸರಿಯಿಲ್ಲಮ್ಮ ಎನ್ನುತ್ತೀರಂತೆ. ನಿಮ್ಮ ಕೈಯಲ್ಲಿ ಯಾವ ದೋಷವೂ ಇರಲಿಲ್ಲ. ನಾನು ಕೀಳಿಸದಿದ್ದರೆ ಇನ್ನು ಕೆಲವೇ ದಿನಗಳಲ್ಲಿ ಆ ಗಿಡ ಚಿಗುರುತ್ತಿತ್ತು.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಿಮಗೆ ಕಣ್ಣು ಮಂಜಾಗಿದೆಯೆಂದು ಕೇಳಿದೆ. ಬೇರೆಯವರು ಓದಿ ಹೇಳಬೇಕಾದೀತು. ನಾನೇ ತಂದು, ನಿಮ್ಮೆದುರು ಕುಳಿತು, ಒಂದಕ್ಷರವನ್ನೂ ಬಿಡದೆ ಓದುತ್ತೇನೆ.